ನೀರಿನ ದಾರಿ ಹಿಡಿದು ಕೋಟೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಚಿತ್ರದುರ್ಗದ ಕೋಟೆಯನ್ನು ಗೈಡ್ ಇಲ್ಲದೆ, ನಮ್ಮ ಪಾಡಿಗೆ ನಾವು ನಡೆದು ನೋಡೋದು ಹೇಗೆ ಅಂತ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನನ್ನದು ನೀರಾವರಿ ಕೆಲಸ. ಮೂವತ್ತು ವರ್ಷ ಕೆರೆ, ಕಾಲುವೆ, ತೂಬು, ಕೋಡಿ ಅಂತಲೇ ಓಡಾಡಿದವನು. ಹುಟ್ಟಿ ಬೆಳೆದದ್ದು ಇದೇ ಊರಿನ ದೊಡ್ಡಪೇಟೆಯಲ್ಲಿ. ನಾನು ಹೇಳೋದು ಒಂದೇ ಮಾತು. ಕೋಟೆಯಲ್ಲಿ ನೀರಿನ ದಾರಿ ಹಿಡಿದು ನಡೆಯಿರಿ. ಗೋಡೆ ಆಮೇಲೆ ನೋಡಿದರಾಯ್ತು.

ಈಗ ಏನಾಗುತ್ತಿದೆ ಹೇಳಿ. ಹೊತ್ತೇರಿ ಹನ್ನೊಂದು ಗಂಟೆಗೆ ಜನ ಕಾರಿಂದ ಇಳೀತಾರೆ. ಒನಕೆ ಓಬವ್ವನ ಕಿಂಡಿ ಎಲ್ಲಿ ಅಂತ ಕೇಳ್ತಾರೆ. ಅಲ್ಲಿ ನಾಲ್ಕು ಫೋಟೋ ತೆಗೀತಾರೆ. ಬಿಸಿಲು ಅಂತ ಇಳಿದು ಹೋಗ್ತಾರೆ. ಒಂದು ಗಂಟೆಯಲ್ಲಿ ಏಳುಸುತ್ತಿನ ಕೋಟೆ ಮುಗಿದೇ ಹೋಯ್ತು! ನನಗೆ ಹೊಟ್ಟೆ ಉರಿಯುತ್ತೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಿಗ್ಗೆ ಬೇಗ ಬನ್ನಿ. ನಾಲ್ಕು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಜಾರದ ಚಪ್ಪಲಿ ಹಾಕಿಕೊಳ್ಳಿ. ಕುಡಿಯೋ ನೀರು ಜೊತೆಗಿರಲಿ. ಕೋತಿಗಳಿಗೆ ಏನೂ ಕೊಡಬೇಡಿ.

ನೀರು ಯಾಕೆ ಅಂತ ಕೇಳ್ತೀರಾ? ಚಿತ್ರದುರ್ಗಕ್ಕೆ ನದಿ ಇಲ್ಲ. ಮಳೆಯೂ ಕಡಿಮೆ. ಇವತ್ತಿಗೂ ನಮ್ಮ ನಲ್ಲಿಗೆ ನೀರು ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ ಪೈಪಿನಲ್ಲಿ ಬರಬೇಕು. ಅಂಥ ಊರಿನ ಬೆಟ್ಟದ ಮೇಲೆ ನಾಯಕರು ಸೈನ್ಯ, ಕುದುರೆ, ಆನೆ, ಮಠ, ಅರಮನೆ ಎಲ್ಲ ಇಟ್ಟುಕೊಂಡು ತಲೆಮಾರುಗಟ್ಟಲೆ ಬಾಳಿದರು. ಹೈದರಾಲಿ ಈ ಕೋಟೆಗೆ ಮುತ್ತಿಗೆ ಹಾಕಿದ್ದು ಒಂದು ಸಲ ಅಲ್ಲ. ಅದು ಅವನ ಕೈಗೆ ಸಿಕ್ಕಿದ್ದು 1779ರಲ್ಲಿ, ಕೊನೆಯ ಮದಕರಿ ನಾಯಕರ ಕಾಲಕ್ಕೆ. ಗೋಡೆ ಎಷ್ಟೇ ಗಟ್ಟಿ ಇರಲಿ, ಒಳಗೆ ಕುಡಿಯೋಕೆ ನೀರಿಲ್ಲ ಅಂದರೆ ಎಂಟು ದಿನಕ್ಕೆ ಬಾಗಿಲು ತೆಗೀಬೇಕಾಗುತ್ತೆ, ಅಲ್ವಾ?

ಒಂದು ಸಣ್ಣ ಲೆಕ್ಕ ಹೇಳ್ತೀನಿ. ಮೂವತ್ತು ನಲವತ್ತರ ಸೈಟು ನಿಮಗೆಲ್ಲ ಗೊತ್ತು. ಅಷ್ಟಗಲದ ಬೋಳು ಬಂಡೆ ಅಂದುಕೊಳ್ಳಿ. ಅದರ ಮೇಲೆ 20 ಮಿಲಿಮೀಟರ್ ಮಳೆ ಬಿತ್ತು. ಹರಿದು ಬರೋ ನೀರು 2,200 ಲೀಟರ್. ಹತ್ತಿರ ಹತ್ತಿರ 150 ಕೊಡ. ಹೊಲದಲ್ಲಾದರೆ ಮಣ್ಣು ಕುಡಿದುಬಿಡುತ್ತೆ. ಬಂಡೆ ಕುಡಿಯೋದಿಲ್ಲ. ನಮ್ಮ ಬೆಟ್ಟ ಪೂರ್ತಿ ಬಂಡೆ. ಬೇರೆಯವರು ಬರಡು ಅಂದ ಕಲ್ಲನ್ನೇ ಇಲ್ಲಿಯವರು ನೀರು ಹಿಡಿಯೋ ಮೊರ ಮಾಡಿಕೊಂಡರು.

ಸರಿ, ನಡೆಯೋಣ. ಬಾಗಿಲುಗಳನ್ನು ದಾಟುವಾಗ ದಾರಿ ನೇರ ಇರೋದಿಲ್ಲ, ಗಮನಿಸಿ. ಹಾವಿನ ಹಾಗೆ ಹೊರಳುತ್ತೆ. ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ಹಾಗೆ ಮಾಡಿದ್ದು. ಗೋಡೆಯ ಕಲ್ಲುಗಳ ಸಂದಿಗೆ ಬೆರಳಿಟ್ಟು ನೋಡಿ. ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕೂತಿದೆ. ಕೆಲವು ಬಂಡೆಗಳ ಮೇಲೆ ಸಾಲಾಗಿ ಚೌಕದ ಕುಳಿಗಳಿವೆ. ಕಲ್ಲು ಸೀಳೋಕೆ ಬೆಣೆ ಬಡಿದ ಗುರುತು ಅದು. ಮುಂದೆ ಸಿಡಿಮದ್ದು ಬೀಸುವ ಕಲ್ಲುಗಳು ಸಿಗುತ್ತವೆ. ನೋಡಿ, ನಿಲ್ಲಬೇಡಿ. ಮೇಲೆ ಹತ್ತಿ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಎಲ್ಲರಿಗೂ ಕೈ ಮುಗಿದು, ದೀಪದ ಕಂಬ, ಉಯ್ಯಾಲೆ ಕಂಬ ನೋಡಿಕೊಂಡು ಸೀದಾ ಗೋಪಾಲಸ್ವಾಮಿ ಹೊಂಡಕ್ಕೆ ಬನ್ನಿ.

ನಿಮ್ಮ ನಡಿಗೆ ಶುರುವಾಗೋದೇ ಇಲ್ಲಿ. ದಡದಲ್ಲಿ ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ. ಸುತ್ತ ಬಂಡೆಗಳನ್ನು ನೋಡಿ. ಯಾವ ಬಂಡೆಯ ನೀರು ಎಲ್ಲಿಂದ ಇಳಿದು ಹೊಂಡ ಸೇರುತ್ತೆ ಅಂತ ಕಣ್ಣಲ್ಲೇ ಗೆರೆ ಎಳೆಯಿರಿ. ಈ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಅಲ್ಲಿಂದ ಊರೊಳಗಿನ ಸಂತೆ ಹೊಂಡಕ್ಕೆ. ಒಂದು ಹನಿ ಬೆಟ್ಟದ ಮೇಲಿಂದ ಪೇಟೆಗೆ ಬರೋ ಹೊತ್ತಿಗೆ ನಾಲ್ಕು ಮನೆ ಹೊಕ್ಕು ಬರುತ್ತೆ. ಪ್ರತಿ ಹೊಂಡದಲ್ಲೂ ಸ್ವಲ್ಪ ಸ್ವಲ್ಪ ಹೂಳು ತಳಕ್ಕೆ ಕೂರುತ್ತೆ, ನೀರು ಮುಂದೆ ಹೋಗುತ್ತೆ.

ಇದನ್ನು ನಾನು ಕಾಲೇಜಿನಲ್ಲಿ ಕಲಿತಿದ್ದಲ್ಲ. ನಮ್ಮಜ್ಜ ಕಲಿಸಿದ್ದು. ಆಗ ನಾನು ನಾಲ್ಕನೇ ಕ್ಲಾಸು. ಉತ್ತರೆ ಮಳೆ ರಾತ್ರಿಯಿಡೀ ಹೊಯ್ದಿತ್ತು. ಇನ್ನೂ ಕತ್ತಲೆ, ಅಜ್ಜ ಬಂದು ಹೊದಿಕೆ ಎಳೆದರು. "ಏಳು ಮಗಾ, ಹೊಂಡ ಕೋಡಿ ಬಿದ್ದಿರುತ್ತೆ, ಹೋಗಿ ನೋಡ್ಕೊಂಡು ಬರಾಣ." ಇಬ್ಬರೂ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊರಟೆವು. ಅಜ್ಜಿ ಪೂಜೆಗೆ ಅಂತ ಬಟ್ಟಲಲ್ಲಿ ಕಣಗಿಲೆ ಹೂವು ಇಟ್ಟಿದ್ದರು. ಅಜ್ಜ ಅದರಲ್ಲಿ ಐದು ಹೂವು ಎತ್ತಿ ನನ್ನ ಜೇಬಿಗೆ ಹಾಕಿದರು. ಅಜ್ಜಿ ಬೈದರು. ಅಜ್ಜ, "ಇದೂ ಪೂಜೇನೇ ಕಣೆ" ಅಂದರು.

ಮೇಲೆ ಹೋದರೆ ಹೊಂಡ ಕಟ್ಟೆ ಮುಟ್ಟ ತುಂಬಿತ್ತು. ಕೆಂಪು ನೀರು. ಕೋಡಿಯಲ್ಲಿ ಸದ್ದು ಮಾಡುತ್ತಾ ಹೊರಗೆ ಬೀಳುತ್ತಿತ್ತು. ಅಜ್ಜ ಹೇಳಿದ ಹಾಗೆ ಒಂದೊಂದೇ ಹೂವು ಬಿಟ್ಟೆ. ಐದೂ ಹೋದವು. "ಈಗ ಓಡು" ಅಂದರು. ಬಂಡೆ ಮೇಲೆ ಜಾರುತ್ತಾ, ಕೂರುತ್ತಾ ಅಕ್ಕ ತಂಗಿಯರ ಹೊಂಡದ ಹತ್ತಿರ ಬಂದು ನಿಂತೆ. ಏನೂ ಬರಲಿಲ್ಲ. ಎಲೆ ಬಂತು, ಕಡ್ಡಿ ಬಂತು, ನೊರೆ ಬಂತು. ನನಗೆ ಅಳು ಬರೋ ಹಾಗಾಯ್ತು. ಅಷ್ಟರಲ್ಲಿ ಒಂದು ಕೆಂಪು ಹೂವು ತಿರುಗುತ್ತಾ ತಿರುಗುತ್ತಾ ಬಂದು ಹೊಂಡಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ಸ್ವಲ್ಪ ಹೊತ್ತಿಗೆ ಮೂರನೆಯದು. ನಾನು ಕುಣಿದಾಡಿಬಿಟ್ಟೆ.

ಅಜ್ಜ ನಿಧಾನಕ್ಕೆ ಇಳಿದು ಬಂದರು. "ಎಷ್ಟು ಬಂದವು?" ಮೂರು ಅಂದೆ. "ಇನ್ನೆರಡು ಎಲ್ಲಿ? ನಡಿ, ಹುಡುಕಾಣ." ನೀರಿನ ದಾರಿಯಲ್ಲೇ ವಾಪಸ್ ಹತ್ತಿದೆವು. ಒಂದು ತಿರುವಿನಲ್ಲಿ ಕಲ್ಲಿನ ಹಿಂದೆ ಎರಡೂ ಹೂವು ಸಿಕ್ಕಿಹಾಕಿಕೊಂಡಿದ್ದವು. ಅಲ್ಲಿ ಮೊಣಕೈ ಮುಳುಗುವಷ್ಟು ಹೂಳು, ಕೊಳೆತ ಎಲೆ, ಕಡ್ಡಿ. ಅಜ್ಜ ಪಂಚೆ ಮೇಲೆ ಕಟ್ಟಿ, ಕೂತು, ಎರಡೂ ಕೈಯಲ್ಲಿ ಅದನ್ನೆಲ್ಲ ಬಾಚಿ ಬಾಚಿ ಆಚೆ ಹಾಕಿದರು. ನೀರು ಗಳಗಳ ಅಂತ ದಾರಿ ಮಾಡಿಕೊಂಡು ಓಡಿತು. "ನೋಡಿದ್ಯಾ? ಹೂವು ನಿಂತ ಕಡೆ ಹೂಳು ಇರುತ್ತೆ." ಅಷ್ಟೇ ಹೇಳಿದ್ದು. ಮುಂದೆ ಕೆಲಸಕ್ಕೆ ಸೇರಿದ ಮೇಲೆ ಎಷ್ಟು ಕಾಲುವೆ ನೋಡಿದೆನೋ ಲೆಕ್ಕವಿಲ್ಲ. ಮೀಟರು, ಟೇಪು ಹಿಡಿಯೋ ಮುಂಚೆ ನಾನು ಒಂದು ಹಿಡಿ ಹೂವು ಬಿಡುತ್ತಿದ್ದೆ.

ಅದಕ್ಕೇ ಹೇಳೋದು, ನೀರಿನ ದಾರಿ ಹಿಡಿದು ನಡೆಯಿರಿ. ಆ ದಾರಿಯಲ್ಲಿ ಬಾಟಲಿ, ಚಿಪ್ಸ್ ಪೊಟ್ಟಣ ಕಂಡರೆ ಎತ್ತಿಕೊಳ್ಳಿ. ನೀವು ಎಸೆದದ್ದಲ್ಲದಿದ್ದರೂ ಎತ್ತಿಕೊಳ್ಳಿ.

ಓಬವ್ವನ ಕಿಂಡಿ ಬೇಡವೇ ಅಂತ ಕೇಳಬೇಡಿ, ಖಂಡಿತ ಹೋಗಿ. ಆದರೆ ಕತೆಯನ್ನು ಸರಿಯಾಗಿ ನೆನಪಿಸಿಕೊಳ್ಳಿ. ಗಂಡ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದ. ಕುಡಿಯೋ ನೀರಿರಲಿಲ್ಲ. ಓಬವ್ವ ಕೊಡ ತಗೊಂಡು ನೀರಿಗೆ ಅಂತ ಹೊರಟಳು. ಹೋದದ್ದರಿಂದಲೇ ಕಿಂಡಿಯಲ್ಲಿ ಶತ್ರುಗಳ ಪಿಸುಮಾತು ಕೇಳಿಸಿತು. ಆಮೇಲೆ ಒನಕೆ. ಅವಳು ಹೊರಟ ಆ ನೀರಿನ ತಾವಿಗೆ ತಣ್ಣೀರು ದೋಣಿ ಅಂತಾರೆ, ಅದು ಕಿಂಡಿಯ ಹತ್ತಿರವೇ ಇದೆ. ಜನ ಕಿಂಡಿಯಲ್ಲಿ ತೂರಿ ಬರ್ತಾರೆ, ದೋಣಿಯ ಕಡೆ ತಿರುಗಿಯೂ ನೋಡೋದಿಲ್ಲ. ನೀವು ನೋಡಿ. ಎರಡರ ನಡುವೆ ನಡೆದು ನೋಡಿ. ಆ ತಾಯಿ ಎಷ್ಟು ಹೆಜ್ಜೆ ಹಾಕಿರಬಹುದು ಅಂತ ನಿಮ್ಮ ಕಾಲಿಗೇ ತಿಳಿಯುತ್ತೆ.

ನನಗೆ ಕೊಟ್ಟ ಸಮಯ ಮುಗೀತಾ ಬಂತು. ತುಪ್ಪದ ಕೊಳದ ಬತ್ತೇರಿಗೆ, ಅಂದರೆ ಅಲ್ಲಿನ ಕಾವಲು ಬುರುಜಿಗೆ, ಬಂಡೆಯಲ್ಲಿ ಕೊರೆದ ಸಣ್ಣ ಹೆಜ್ಜೆಗುಳಿಗಳ ಮೇಲೆ ಹತ್ತಬೇಕು. ಕಾಲು ಗಟ್ಟಿ ಇದ್ದವರು ಮಾತ್ರ ಹೋಗಿ, ಮಳೆಯಲ್ಲಿ ಯಾರೂ ಬೇಡ. ಅರಮನೆಯ ಮಣ್ಣಿನ ಗೋಡೆಗಳು ಇನ್ನೂ ನಿಂತಿವೆ, ಅವನ್ನು ಮುಟ್ಟಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಚಂದ್ರವಳ್ಳಿಯಲ್ಲಿ ಕದಂಬ ಮಯೂರವರ್ಮನ ಶಾಸನ ಇದೆ, ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಅವನೂ ಅಲ್ಲಿ ಬರೆಸಿದ್ದು ಕೆರೆಯ ವಿಷಯವನ್ನೇ.

ಇಳಿದ ಮೇಲೆ ಕಾರಿಗೆ ಓಡಬೇಡಿ. ಹಳೇ ಊರಿನೊಳಗೆ ನಡೆದೇ ಬನ್ನಿ. ಸಿಹಿನೀರು ಹೊಂಡ ನೋಡಿ. ದೊಡ್ಡಪೇಟೆಯಲ್ಲಿ ಉಚ್ಚಂಗಿ ಎಲ್ಲಮ್ಮನ ಗುಡಿ ಇದೆ, ರಂಗಯ್ಯನ ಬಾಗಿಲಲ್ಲಿ ಮ್ಯೂಸಿಯಂ ಇದೆ. ಕೊನೆಗೆ ಸಂತೆ ಹೊಂಡಕ್ಕೆ ಬನ್ನಿ. ಸುತ್ತ ಅಂಗಡಿ, ಆಟೋ, ಗದ್ದಲ. ಕಟ್ಟೆಯ ಹತ್ತಿರ ನಿಂತು ಒಮ್ಮೆ ತಲೆಯೆತ್ತಿ ಬೆಟ್ಟದ ಕಡೆ ನೋಡಿ. ಬೆಳಿಗ್ಗೆ ನೀವು ಕೂತಿದ್ದ ಹೊಂಡ ಆ ಬಂಡೆಗಳ ಹಿಂದೆ ಇದೆ.

ಮಳೆಗಾಲದಲ್ಲಿ ಬರೋರು, ಮಕ್ಕಳ ಜೇಬಿಗೆ ಐದು ಹೂವು ಹಾಕಿಕೊಂಡು ಬನ್ನಿ. ನಮಸ್ಕಾರ.