ಬಿಳಿ ರಾಡ್ ಎಲ್ಲಾ ನೈಲಾನ್ ಅಲ್ಲ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ನಾಲ್ಕು ತುಂಡು ಪ್ಲಾಸ್ಟಿಕ್ ರಾಡ್ ಇಟ್ಟಿದ್ದೇನೆ. ನಾಲ್ಕೂ ಬಿಳಿ, ನಾಲ್ಕೂ ಒಂದೇ ದಪ್ಪ. ನೈಲಾನ್, ಡೆಲ್ರಿನ್, ಟೆಫ್ಲಾನ್, ಮತ್ತೆ ಯುಎಚ್ಎಂಡಬ್ಲ್ಯು ಅನ್ನುವ ಪಾಲಿಥಿನ್ ಜಾತಿಯದು. ಯಾವುದು ಯಾವುದು ಅಂತ ಬರೀ ಕಣ್ಣಲ್ಲಿ ನೋಡಿ ಹೇಳುವುದು ನನಗೂ ಕಷ್ಟ.

ನನಗೆ ಬುದ್ಧಿ ಕಲಿಸಿದ್ದು ಒಂದು ಪಂಪಿನ ಬುಷ್, ಅಂದರೆ ತಿರುಗುವ ಶಾಫ್ಟಿನ ಸುತ್ತ ಕೂರುವ ಕೊಳವೆಯಂಥ ತುಂಡು. ಪೀಣ್ಯದಲ್ಲಿ ಲೇತ್ ಮುಂದೆ ನಿಂತ ಹೊಸತು. ಹಳೆಯ, ಕಂಚಿನ ಜಾತಿಯ ಗನ್‌ಮೆಟಲ್ ಬುಷ್ ಸವೆದಿದೆ, ಬೇರೆ ಮಾಡಿಕೊಡಿ ಅಂದರು ಪಂಪಿನವರು. ನಾನು ಜಾಣ, ನೈಲಾನ್‌ನಲ್ಲಿ ಮಾಡಿದೆ. ಶಾಫ್ಟ್ 40 ಮಿ.ಮೀ., ಬೋರಿಗೆ, ಅಂದರೆ ಒಳತೂತಿಗೆ, 0.1 ಮಿ.ಮೀ. ಗ್ಯಾಪ್ ಬಿಟ್ಟೆ. ಕೈಯಲ್ಲಿ ತಿರುಗಿಸಿದರೆ ಬೆಣ್ಣೆ ಥರ. ಮೂರು ವಾರಕ್ಕೆ ಪಂಪ್ ಜಾಮ್. ಅವರು ಬುಷ್ ಬಿಚ್ಚಿ ತಂದು ನನ್ನ ಮುಂದೆ ಕುಕ್ಕಿದರು. ಅಳತೆ ಹಿಡಿದೆ. ಬೋರ್ ಶಾಫ್ಟಿಗಿಂತ ಸಣ್ಣದಾಗಿತ್ತು!

ನೈಲಾನ್ ನೀರು ಕುಡಿಯುತ್ತದೆ. ನೀರಲ್ಲೇ ಬಿಟ್ಟರೆ ನೈಲಾನ್ 6 ತನ್ನ ತೂಕದ ಶೇಕಡಾ 9ರಷ್ಟು ಕುಡಿದು ಉಬ್ಬುತ್ತದೆ. ಬುಷ್ ಹೌಸಿಂಗಿನಲ್ಲಿ, ಅಂದರೆ ಪಂಪಿನ ಮೈಯಲ್ಲಿ, ಬಿಗಿಯಾಗಿ ಕೂತಿದೆ, ಹೊರಗೆ ಉಬ್ಬಲು ಜಾಗವಿಲ್ಲ. ಒಳಗೇ ಉಬ್ಬಿ ಶಾಫ್ಟನ್ನು ಹಿಡಿದುಕೊಂಡಿತು. ತಪ್ಪು ನೈಲಾನಿನದಲ್ಲ, ನನ್ನದು. ಅದೇ ಬುಷ್ ಡೆಲ್ರಿನ್‌ನಲ್ಲಿ ಮಾಡಿದೆ. ಡೆಲ್ರಿನ್ ಶೇಕಡಾ 1 ಕೂಡ ಕುಡಿಯುವುದಿಲ್ಲ. ಗ್ಯಾಪ್ ಮಾತ್ರ ಜಾಸ್ತಿ ಬಿಟ್ಟೆ.

ಹಾಗಂತ ನೈಲಾನ್ ಬಿಟ್ಟುಬಿಡಬೇಡಿ. ಪೆಟ್ಟು ಬೀಳುವ ಜಾಗ, ದೊಡ್ಡ ಪುಲ್ಲಿ, ರೋಲರ್, ಇಂಥದ್ದಕ್ಕೆ ಅಚ್ಚಿನಲ್ಲಿ ಎರಕ ಹೊಯ್ದ ಕಾಸ್ಟ್ ನೈಲಾನ್ ಗಟ್ಟಿ ಆಸಾಮಿ. ಸ್ವಲ್ಪ ತೇವ ಹೀರಿದ ನೈಲಾನ್ ಪೆಟ್ಟು ಇನ್ನೂ ಚೆನ್ನಾಗಿ ತಡೆಯುತ್ತದೆ. ತೀರ ಒಣಗಿದ್ದೇ ಸೀಳುವುದು.

ಇನ್ನು ಬಿಸಿ. 100 ಮಿ.ಮೀ. ಉದ್ದದ ನೈಲಾನ್ 30 ಡಿಗ್ರಿ ಬಿಸಿ ಏರಿದರೆ ಕಾಲು ಮಿ.ಮೀ. ಬೆಳೆಯುತ್ತದೆ. ಸ್ಟೀಲ್ ಬೆಳೆಯುವುದು ಅದರ ಏಳೆಂಟರಲ್ಲಿ ಒಂದು ಪಾಲು. ಅದಕ್ಕೇ ಟರ್ನಿಂಗ್ ಮುಗಿದ ಕೂಡಲೇ ಮೈಕ್ರೋಮೀಟರ್ ಹಿಡಿಯಬೇಡಿ. ಟೀ ಕುಡಿದು ಬಂದು ಹಿಡಿಯಿರಿ. ರಫ್ ಕಟ್ ಮಾಡಿ ಒಂದು ರಾತ್ರಿ ಬಿಟ್ಟು ಫಿನಿಶ್ ಮಾಡಿದರೆ ಇನ್ನೂ ಒಳ್ಳೆಯದು, ರಾಡ್ ಒಳಗಿನ ಬಿಗಿ ಅಷ್ಟರಲ್ಲಿ ಸಡಿಲಾಗಿರುತ್ತದೆ. ಟೂಲ್ ಬ್ಲೇಡ್‌ನಂತೆ ಚೂಪಾಗಿರಲಿ. ಸ್ಟೀಲ್ ಕಡಿದು ಮೊಂಡಾದ ಟೂಲನ್ನೇ ಹಾಕಿದರೆ ಪ್ಲಾಸ್ಟಿಕ್ ಕಡಿಯುವುದಿಲ್ಲ, ಉಜ್ಜಿ ಕರಗುತ್ತದೆ. ಲೇತಿನಲ್ಲಿ ತುಂಡನ್ನು ಮೂರು ದವಡೆಯಲ್ಲಿ (ಜಾ) ಹಿಡಿಯುವ ಚಕ್ ಜಾಸ್ತಿ ಬಿಗಿದರೆ ತೆಳು ಬುಷ್ ಮೂರು ಮೂಲೆಯಾಗುತ್ತದೆ, ಜಾ ಬಿಟ್ಟ ಮೇಲೆ ನೋಡಿದರೆ ಬೋರ್ ದುಂಡಗಿರುವುದಿಲ್ಲ. ಗಾಜಿನಂಥ ಪ್ಲಾಸ್ಟಿಕ್ ಪಾಲಿಕಾರ್ಬೊನೇಟ್‌ಗೆ ಸಿಕ್ಕಿದ ಕಟಿಂಗ್ ಆಯಿಲ್ ಹಾಕಬೇಡಿ, ಕೂದಲೆಳೆಯಂಥ ಬಿರುಕು ಬರುತ್ತದೆ. ಗಾಳಿ ಹೊಡೆದರೆ ಸಾಕು.

ಟೆಫ್ಲಾನ್ ಬಿಸಿಗೆ ಜಗ್ಗುವುದಿಲ್ಲ, 260 ಡಿಗ್ರಿವರೆಗೂ ಕೆಲಸ ಮಾಡುತ್ತದೆ. ಆದರೆ ಭಾರ ಹೇರಿ ಬಿಟ್ಟರೆ ಮೆಲ್ಲಗೆ ಹರಿದು ಆಕಾರ ಬಿಡುತ್ತದೆ. ಬಿಸಿಯೂ ಇದೆ, ಭಾರವೂ ಇದೆ ಅಂದರೆ ಪೀಕ್ ಅನ್ನುವ ಪ್ಲಾಸ್ಟಿಕ್. ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಸುಮ್ನೆ ಧೈರ್ಯಕ್ಕೆ ಅಂತ ಡ್ರಾಯಿಂಗ್‌ನಲ್ಲಿ ಬರೆಯಬೇಡಿ.

ಈಗ ಆ ಬಕೆಟ್ ಇತ್ತ ತನ್ನಿ. ನಾಲ್ಕೂ ತುಂಡು ನೀರಿಗೆ ಹಾಕುತ್ತೇನೆ. ತೇಲುತ್ತಿದೆಯಲ್ಲ, ಅದು ಯುಎಚ್ಎಂಡಬ್ಲ್ಯು, ನೀರಿಗಿಂತ ಹಗುರ. ಮುಳುಗಿದ ಮೂರನ್ನು ತೆಗೆದು ಕೈಯಲ್ಲಿ ತೂಗಿ ನೋಡಿ. ನೈಲಾನಿಗಿಂತ ಟೆಫ್ಲಾನ್ ಹತ್ತಿರ ಹತ್ತಿರ ಎರಡರಷ್ಟು ಭಾರ. ನಡುವಿನದು ಡೆಲ್ರಿನ್. ಮುಂದಿನ ಸಾಲಿನವರು ಮೊದಲು ಬನ್ನಿ.