ಒಂದು ವೋಟಿಗೆ ಎಷ್ಟು ಬಿತ್ತು?

ಎಲ್ಲರಿಗೂ ನಮಸ್ಕಾರ. ಇವತ್ತು ನಿಮ್ಮ ಜೊತೆ ಒಂದು ಭಾಗಾಕಾರದ ಲೆಕ್ಕ ಮಾಡೋಣ ಅಂತ ಬಂದಿದೀನಿ. ಗಾಬರಿ ಬೇಡ, ಪೆನ್ನು ಪೇಪರ್ ಏನೂ ಬೇಕಾಗಿಲ್ಲ. ಚುನಾವಣೆಗೆ ನಿಂತವರು ಮಾಡಿದ ಖರ್ಚನ್ನ ತಗೊಳ್ಳಿ, ಅವರಿಗೆ ಬಂದ ವೋಟಿಂದ ಭಾಗಿಸಿ, ಒಂದೊಂದು ವೋಟಿಗೆ ಎಷ್ಟು ಖರ್ಚಾಯ್ತು ಅಂತ ಉತ್ತರ ಸಿಗುತ್ತೆ. ಪ್ರತಿ ಎಲೆಕ್ಷನ್ ಮುಗಿದ ಮೇಲೆ ಪೇಪರ್‌ನವರು ಈ ಲೆಕ್ಕ ಹಾಕ್ತಾರೆ, ನಾವು ಓದಿ ಮೂಗಿನ ಮೇಲೆ ಬೆರಳಿಟ್ಕೋತೀವಿ, ಆಮೇಲೆ ಮರೆತುಬಿಡ್ತೀವಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ನಾನಿಲ್ಲಿ ಮಾತಾಡ್ತಿರೋದು ರಾತ್ರಿ ಹೊತ್ತು ಕವರ್‌ನಲ್ಲಿ ಹಂಚೋ ದುಡ್ಡಿನ ಬಗ್ಗೆ ಅಲ್ಲ, ಅದರ ಕಥೆಯೇ ಬೇರೆ. ಬಿಲ್ಲು, ರಸೀದಿ ಇರೋ, ಕಾನೂನು ಒಪ್ಪೋ ಖರ್ಚಿನ ಬಗ್ಗೆ.

ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂಥ ಮನುಷ್ಯ ಅಂದ್ರೆ ಅಮೆರಿಕದ ಭಾರೀ ಶ್ರೀಮಂತ ಮೈಕೆಲ್ ಬ್ಲೂಮ್‌ಬರ್ಗ್. ಯಾಕಂದ್ರೆ ಅವರು ಚುನಾವಣೆಗೆ ಖರ್ಚು ಮಾಡಿದ್ದೆಲ್ಲಾ ಹೆಚ್ಚುಕಮ್ಮಿ ಸ್ವಂತ ದುಡ್ಡು, ಹಾಗಾಗಿ ಲೆಕ್ಕ ನೇರವಾಗಿ ಸಿಗುತ್ತೆ. 2001ರಲ್ಲಿ ನ್ಯೂಯಾರ್ಕ್ ಮೇಯರ್ ಆಗೋಕೆ ಸುಮಾರು 7 ಕೋಟಿ 40 ಲಕ್ಷ ಡಾಲರ್ ಸುರಿದ್ರು, 7 ಲಕ್ಷ 44 ಸಾವಿರ ವೋಟು ಬಂತು, ಅಂದ್ರೆ ವೋಟಿಗೆ ನೂರು ಡಾಲರ್ ಹತ್ತಿರ ಹತ್ತಿರ. ಆಗ ಅವರು ರಾಜಕೀಯಕ್ಕೆ ಹೊಸಬರು, ಹೆಸರು ಜನರ ಕಿವಿಗೆ ಬೀಳಿಸೋಕೇ ಅಷ್ಟು ಬೇಕಾಯ್ತು ಅನ್ನಿ. ಆದ್ರೆ 2009ರಲ್ಲಿ ನೋಡಿ, ಎಂಟು ವರ್ಷ ಮೇಯರ್ ಆಗಿದ್ದವರು, ಮೂರನೇ ಸಲ ನಿಲ್ಲೋಕೆ ಅಂತ ನಿಯಮವನ್ನೇ ಬದಲಾಯಿಸಿಕೊಂಡವರು, ಊರಲ್ಲಿ ಅವರ ಹೆಸರು ಗೊತ್ತಿಲ್ಲದ ಮಗು ಇರಲಿಲ್ಲ. ಖರ್ಚು ಕಮ್ಮಿ ಆಗ್ಬೇಕಿತ್ತು ತಾನೆ? 10 ಕೋಟಿ ಡಾಲರ್ ದಾಟಿತು. ವೋಟು ಮಾತ್ರ 5 ಲಕ್ಷ 85 ಸಾವಿರಕ್ಕೆ ಇಳೀತು. ವೋಟಿಗೆ 170 ಡಾಲರ್‌ಗೂ ಮೇಲೆ. ಗೆದ್ದರು, ಆದ್ರೆ ಐದು ಪರ್ಸೆಂಟಿಗಿಂತ ಕಮ್ಮಿ ಅಂತರದಲ್ಲಿ.

ಅದಾದಮೇಲೆ 2020. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಗ್ತೀನಿ ಅಂತ ಹೊರಟ್ರು, ಕೆಲವೇ ತಿಂಗಳಲ್ಲಿ ನೂರು ಕೋಟಿ ಡಾಲರ್ ದಾಟಿಸಿದ್ರು. ಮಾರ್ಚ್ 3ನೇ ತಾರೀಕು ಸೂಪರ್ ಟ್ಯೂಸ್‌ಡೇ ದಿನ ಒಂದೇ ಏಟಿಗೆ ಹದಿನಾಲ್ಕು ರಾಜ್ಯಗಳಲ್ಲಿ ಪಕ್ಷದ ಅಭ್ಯರ್ಥಿಯನ್ನ ಆರಿಸೋ ಮತದಾನ, ಅದರ ಜೊತೆಗೆ ಪೆಸಿಫಿಕ್ ಸಾಗರದ ನಡುವೆ ಇರೋ ಅಮೆರಿಕನ್ ಸಮೋವಾ ಅನ್ನೋ ಪುಟ್ಟ ದ್ವೀಪ ಪ್ರದೇಶದಲ್ಲೂ. ಹದಿನಾಲ್ಕು ರಾಜ್ಯಗಳಲ್ಲಿ ಒಂದೂ ಗೆಲ್ಲಲಿಲ್ಲ. ಸಮೋವಾ ಗೆದ್ರು. ಎಷ್ಟು ವೋಟಿಂದ ಗೊತ್ತಾ, ಅಲ್ಲಿ ಸೇರಿದ್ದವರೇ 351 ಜನ, ಅದ್ರಲ್ಲಿ 175 ಜನ ಇವರ ಕಡೆ. ಮರುದಿನವೇ ಸ್ಪರ್ಧೆಯಿಂದ ಹಿಂದೆ ಸರಿದ್ರು. ಇಡೀ ದೇಶದಲ್ಲಿ ಬಂದಿದ್ದು ಸುಮಾರು 25 ಲಕ್ಷ ವೋಟು, ಅಂದ್ರೆ ವೋಟಿಗೆ ಏನಿಲ್ಲ ಅಂದ್ರೂ 400 ಡಾಲರ್. ಇದೇ ದುಬಾರಿ ಅಂದ್ಕೋಬೇಡಿ, ಅದೇ ವರ್ಷ ಟಾಮ್ ಸ್ಟೇಯರ್ ಅನ್ನೋ ಇನ್ನೊಬ್ಬ ಶ್ರೀಮಂತರು 30 ಕೋಟಿ ಡಾಲರ್‌ಗೂ ಮೀರಿ ಕಳೆದು ಅಭ್ಯರ್ಥಿಯನ್ನ ಅಂತಿಮವಾಗಿ ಆರಿಸೋ ಪಕ್ಷದ ಪ್ರತಿನಿಧಿಗಳಲ್ಲಿ ಒಬ್ಬೇ ಒಬ್ಬರನ್ನೂ ಗಳಿಸದೆ ಮನೆಗೆ ಹೋದ್ರು.

ಸರಿ, ದುಡ್ಡಿದ್ದೋರು ಸೋತ ಕಥೆ ಕೇಳೋಕೆ ನಮಗೆಲ್ಲಾ ಒಂಥರಾ ಖುಷಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಈ ಭಾಗಾಕಾರ ಇದೆಯಲ್ಲಾ, ಅದನ್ನ ಹಾಗೇ ನಂಬಬೇಡಿ. ಮೇಲಿನ ಸಂಖ್ಯೆಯೂ ಸರಿಯಿಲ್ಲ, ಕೆಳಗಿನ ಸಂಖ್ಯೆಯೂ ಸರಿಯಿಲ್ಲ.

ಮೊದಲು ಮೇಲಿನದು, ಅಂದ್ರೆ ಖರ್ಚು. ಕ್ಯಾಲಿಫೋರ್ನಿಯಾ, 2010, ಗವರ್ನರ್ ಚುನಾವಣೆ. ಈ-ಬೇ ಕಂಪನಿಯ ಮುಖ್ಯಸ್ಥೆ ಆಗಿದ್ದ ಮೆಗ್ ವಿಟ್‌ಮನ್ ಸ್ವಂತದ್ದೇ 14 ಕೋಟಿ 40 ಲಕ್ಷ ಡಾಲರ್ ಹಾಕಿದ್ರು, ಚಂದಾ ಎಲ್ಲಾ ಸೇರಿ 17 ಕೋಟಿ ದಾಟ್ತು, ವೋಟು 41 ಲಕ್ಷ. ಎದುರಿಗೆ ಜೆರ್ರಿ ಬ್ರೌನ್, ಹಳೇ ಹುಲಿ, ಹಿಂದೆ ಎರಡು ಅವಧಿ ಅದೇ ಕುರ್ಚಿಯಲ್ಲಿ ಕೂತವರು, ಖರ್ಚು ಮಾಡಿದ್ದು ವಿಟ್‌ಮನ್ ಖರ್ಚಿನ ಕಾಲುಭಾಗದಷ್ಟೂ ಇಲ್ಲ, ಬಂದಿದ್ದು 54 ಲಕ್ಷ ವೋಟು. ವಿಟ್‌ಮನ್‌ಗೆ ವೋಟಿಗೆ 40 ಡಾಲರ್ ಮೇಲೆ, ಬ್ರೌನ್‌ಗೆ 7 ಡಾಲರ್ ಆಸುಪಾಸು. ಕೇಳೋಕೆ ಎಷ್ಟು ಚೆನ್ನಾಗಿದೆ! ಆದ್ರೆ ಆ ಬೇಸಿಗೆ ಪೂರ್ತಿ ಬ್ರೌನ್ ಬಾಯಿ ಮುಚ್ಕೊಂಡು ಕೂತಿದ್ದಾಗ ವಿಟ್‌ಮನ್ ವಿರುದ್ಧ ಟಿವಿಯಲ್ಲಿ ಜಾಹೀರಾತು ಹಾಕ್ತಿದ್ದವರು ಯಾರು, ಕಾರ್ಮಿಕ ಸಂಘಟನೆಗಳ ಬೆಂಬಲ ಇದ್ದ ಗುಂಪುಗಳು. ಕೋಟಿಗಟ್ಟಲೆ ಡಾಲರ್. ಅದು ಬ್ರೌನ್ ಖಾತೆಯಲ್ಲಿ ಬರಲ್ಲ, ಯಾಕಂದ್ರೆ ಅವರು ಖರ್ಚು ಮಾಡಿಲ್ಲ, ಅವರಿಗೋಸ್ಕರ ಬೇರೆಯವರು ಮಾಡಿದ್ದು. ಹಾಗಾಗಿ ಆ ಏಳು ಡಾಲರ್ ಅನ್ನೋದು ಏಳು ಡಾಲರ್ ಅಲ್ಲ.

2010ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಸಿಟಿಜನ್ಸ್ ಯುನೈಟೆಡ್ ಕೇಸಿನ ತೀರ್ಪು ಕೊಟ್ಟಮೇಲೆ ಈ ಬೇರೆಯವರ ಖಾತೆ ಅನ್ನೋದು ಇನ್ನೂ ದೊಡ್ಡದಾಯ್ತು, ಸೂಪರ್ ಪ್ಯಾಕ್ ಅನ್ನೋ ಪ್ರಚಾರದ ಗುಂಪುಗಳು ಹುಟ್ಟಿಕೊಂಡವು, ಎಷ್ಟು ಬೇಕಾದ್ರೂ ಸಂಗ್ರಹಿಸಬಹುದು, ಎಷ್ಟು ಬೇಕಾದ್ರೂ ಖರ್ಚು ಮಾಡಬಹುದು, ಅಭ್ಯರ್ಥಿ ಜೊತೆ ಕೂತು ಪ್ಲಾನ್ ಮಾಡಬಾರದು ಅಷ್ಟೆ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಗೋಕೆ ಹೊರಟಿದ್ದ ಜೆಬ್ ಬುಷ್ ಅವರ ಪರ ಇದ್ದ ಸೂಪರ್ ಪ್ಯಾಕ್ ಒಂದೇ ಹತ್ತು ಕೋಟಿ ಡಾಲರ್‌ಗೂ ಹೆಚ್ಚು ಒಟ್ಟು ಮಾಡಿತ್ತು, ಅವರ ಸ್ವಂತ ಪ್ರಚಾರದ ಖಾತೆಗಿಂತ ಎಷ್ಟೋ ದೊಡ್ಡದು. ಮೊದಲ ಸುತ್ತಿನ ಮತದಾನ ನಡೆದ ಅಯೋವಾ ರಾಜ್ಯದಲ್ಲಿ ಬಂದಿದ್ದು 5 ಸಾವಿರ ಚಿಲ್ಲರೆ ವೋಟು. ಯಾವ ಖಾತೆ ಇಟ್ಕೊಂಡು ಭಾಗಿಸ್ತೀರಿ ಅನ್ನೋದರ ಮೇಲೆ ಉತ್ತರ ಎಷ್ಟೋ ಪಟ್ಟು ಬದಲಾಗುತ್ತೆ.

ಇದೆಲ್ಲಾ ಟಿವಿ ಬಂದಮೇಲೆ ಶುರುವಾದ ರೋಗ ಅಂತ ಅಂದ್ಕೊಂಡಿದ್ರೆ 1807ರ ಯಾರ್ಕ್‌ಶೈರ್‌ಗೆ ಹೋಗ್ಬೇಕು. ಇಂಗ್ಲೆಂಡಿನ ಅತಿ ದೊಡ್ಡ ಕೌಂಟಿ, ಪಾರ್ಲಿಮೆಂಟಿಗೆ ಎರಡು ಸೀಟು, ಮೂರು ಜನ ಅಭ್ಯರ್ಥಿಗಳು. ಮತಗಟ್ಟೆ ಎಷ್ಟು? ಒಂದೇ. ಯಾರ್ಕ್ ನಗರದ ಕೋಟೆಯ ಅಂಗಳ. ಕೌಂಟಿಯ ಯಾವ ಮೂಲೆಯ ಮತದಾರ ಆದ್ರೂ ಅಲ್ಲಿಗೇ ಬಂದು, ಎಲ್ಲರ ಎದುರಿಗೆ ಬಾಯಿಬಿಟ್ಟು ಇಂಥವರಿಗೆ ನನ್ನ ವೋಟು ಅಂತ ಹೇಳಬೇಕು, ಗುಮಾಸ್ತ ಪುಸ್ತಕದಲ್ಲಿ ಹೆಸರಿನ ಮುಂದೆ ಬರ್ಕೋತಾನೆ. ಹದಿನೈದು ದಿನ ನಡೀತು ಮತದಾನ. ಈಗ ನೀವೇ ಯೋಚಿಸಿ, ದೂರದ ಹಳ್ಳಿಯಿಂದ ಒಬ್ಬ ಮತದಾರ ಬರಬೇಕು ಅಂದ್ರೆ ಗಾಡಿ ಯಾರು ಕೊಡ್ಬೇಕು, ದಾರಿಯಲ್ಲಿ ಊಟ ಯಾರು ಹಾಕ್ಬೇಕು, ರಾತ್ರಿ ಎಲ್ಲಿ ಮಲಗ್ಬೇಕು, ಅವನು ಕುಡಿದ ಬಿಯರಿನ ದುಡ್ಡು ಯಾರು ಕೊಡ್ಬೇಕು? ಅಭ್ಯರ್ಥಿನೇ. ಲಾರ್ಡ್ ಮಿಲ್ಟನ್ ಮತ್ತು ಹೆನ್ರಿ ಲ್ಯಾಸೆಲ್ಸ್, ಇಬ್ಬರೂ ಭಾರೀ ಜಮೀನ್ದಾರಿ ಮನೆತನದವರು, ತಲಾ ಲಕ್ಷ ಪೌಂಡ್ ಹತ್ತಿರ ಖರ್ಚು ಮಾಡಿದ್ರು ಅಂತ ಅಂದಾಜು. ಮೂರನೆಯವರು ಗುಲಾಮರ ವ್ಯಾಪಾರ ನಿಲ್ಲಿಸೋಕೆ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್, ಅವರ ಖರ್ಚು 30 ಸಾವಿರ ಪೌಂಡಿನ ಒಳಗೆ, ಅದೂ ಅಭಿಮಾನಿಗಳು ಚಂದಾ ಎತ್ತಿ ಕೊಟ್ಟಿದ್ದು. ಫಲಿತಾಂಶದಲ್ಲಿ ವಿಲ್ಬರ್‌ಫೋರ್ಸ್ 11,806, ಮಿಲ್ಟನ್ 11,177, ಲ್ಯಾಸೆಲ್ಸ್ 10,989. ಕೊನೆಯವರು ವೋಟಿಗೆ ಒಂಬತ್ತು ಪೌಂಡ್ ಕೊಟ್ಟು ಸೋತರು, ಮೊದಲನೆಯವರು ಎರಡೂವರೆ ಪೌಂಡಿನಲ್ಲಿ ಗೆದ್ದರು. ಕೆಲವರು ಸ್ವಂತ ಖರ್ಚಿನಲ್ಲೇ ನಡ್ಕೊಂಡು, ಗಾಡಿ ಹತ್ತಿ ಬಂದು ವಿಲ್ಬರ್‌ಫೋರ್ಸ್‌ಗೆ ವೋಟು ಹಾಕಿದ್ರಂತೆ, ಆ ಮಾತಿಗೆ ಮತ್ತೆ ಬರ್ತೀನಿ.

ಈ ಥರದ ಹುಚ್ಚಾಟ ಸಾಕಾಗಿ ಬ್ರಿಟನ್ 1883ರಲ್ಲಿ ಒಂದು ಕಾನೂನು ತಂತು. ಮತದಾರರ ಸಂಖ್ಯೆ ನೋಡ್ಕೊಂಡು ಖರ್ಚಿಗೆ ಮಿತಿ, ಬಾಡಿಗೆ ಗಾಡಿಯಲ್ಲಿ ವೋಟರ್‌ಗಳನ್ನ ಕರ್ಕೊಂಡು ಬರೋದು ಬಂದ್, ಎಲ್ಲಾ ಖರ್ಚೂ ಒಬ್ಬ ಏಜೆಂಟ್ ಕೈಯಲ್ಲೇ ಆಗ್ಬೇಕು, ಆಮೇಲೆ ಲೆಕ್ಕ ಒಪ್ಪಿಸ್ಬೇಕು. ಆ ಪದ್ಧತಿ ಇವತ್ತಿಗೂ ಅಲ್ಲಿದೆ. 2024ರ ಸಾರ್ವತ್ರಿಕ ಚುನಾವಣೆಯಲ್ಲಿ ಅಭ್ಯರ್ಥಿಯ ಮಿತಿ 11,390 ಪೌಂಡ್, ಅದರ ಮೇಲೆ ಪ್ರತಿ ಮತದಾರನಿಗೆ ನಗರ ಕ್ಷೇತ್ರದಲ್ಲಿ 8 ಪೆನ್ನಿ, ಗ್ರಾಮಾಂತರ ಕ್ಷೇತ್ರದಲ್ಲಿ 12 ಪೆನ್ನಿ. ಹಳ್ಳಿ ಕಡೆ ಮನೆಗಳು ದೂರ ದೂರ ಅಲ್ವಾ, ಅದಕ್ಕೆ ನಾಲ್ಕು ಪೆನ್ನಿ ಜಾಸ್ತಿ. ಕಾನೂನೇ ಕೂತು ತಲೆಗಿಷ್ಟು ಅಂತ ಲೆಕ್ಕ ಹಾಕಿರೋದು ನನಗಂತೂ ಇಷ್ಟವಾಯ್ತು.

ಭಾರತದಲ್ಲಿ ಮಿತಿ ಇದೆ, ಆದ್ರೆ ತಲೆ ಎಣಿಸಲ್ಲ. ಲೋಕಸಭೆಗೆ ದೊಡ್ಡ ರಾಜ್ಯಗಳಲ್ಲಿ 95 ಲಕ್ಷ, ಕೆಲವು ಸಣ್ಣ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ 75 ಲಕ್ಷ, 2022ರಿಂದ ಹೀಗೆ. 2024ರಲ್ಲಿ ತೆಲಂಗಾಣದ ಮಲ್ಕಾಜ್‌ಗಿರಿಯಲ್ಲಿ 37 ಲಕ್ಷಕ್ಕೂ ಹೆಚ್ಚು ಮತದಾರರು, ಲಕ್ಷದ್ವೀಪದಲ್ಲಿ 58 ಸಾವಿರದ ಒಳಗೆ. ಭಾಗಿಸಿ ನೋಡಿ, ಮಲ್ಕಾಜ್‌ಗಿರಿಯ ಅಭ್ಯರ್ಥಿಗೆ ಕಾನೂನು ತಲೆಗೆ ಎರಡೂವರೆ ರೂಪಾಯಿ ಬಿಡುತ್ತೆ, ಒಂದು ಕರಪತ್ರ ಅಚ್ಚು ಹಾಕಿಸಿ ಮನೆ ತಲುಪಿಸೋಕೂ ಸಾಲಲ್ಲ. ಲಕ್ಷದ್ವೀಪದವರಿಗೆ ತಲೆಗೆ 130 ರೂಪಾಯಿ, ಅಲ್ಲಿ ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಗ್ಬೇಕು ಅನ್ನೋದು ಬೇರೆ ಮಾತು. ಇಷ್ಟೆಲ್ಲಾ ಅಭ್ಯರ್ಥಿಗೆ ಮಾತ್ರ, ಪಕ್ಷ ಮಾಡೋ ಖರ್ಚಿಗೆ ಮಿತಿನೇ ಇಲ್ಲ. ಮುಂದಿನ ಬಾಗಿಲಿಗೆ ಬೀಗ, ಹಿಂದಿನ ಬಾಗಿಲು ಹಾರು ಹೊಡೆದಿದೆ.

ಇನ್ನು ಕೆಳಗಿನ ಸಂಖ್ಯೆ, ಅಂದ್ರೆ ವೋಟು. ನನ್ನ ಪ್ರಕಾರ ನಿಜವಾದ ಎಡವಟ್ಟು ಇರೋದೇ ಇಲ್ಲಿ. ಒಬ್ಬ ಅಭ್ಯರ್ಥಿಗೆ ಲಕ್ಷ ವೋಟು ಬಂತು ಅನ್ನಿ, ಆ ಲಕ್ಷ ಜನರಲ್ಲಿ ಬಹಳಷ್ಟು ಜನ ಪಕ್ಷ ನೋಡಿ, ಜಾತಿ ನೋಡಿ, ಧರ್ಮ ನೋಡಿ, ಇಲ್ಲಾ ಎದುರಿನವನ ಮೇಲಿನ ಸಿಟ್ಟಿಗೆ ಹಾಕೋರು, ಇವನು ಒಂದು ಪೈಸೆ ಬಿಚ್ಚದಿದ್ರೂ ಹಾಕ್ತಿದ್ರು. ಅವರನ್ನೂ ಸೇರಿಸಿ ಭಾಗಿಸಿದ್ರೆ ವೋಟು ಅಗ್ಗ ಅನ್ನಿಸುತ್ತೆ. ಯಾರ್ಕ್‌ಗೆ ಸ್ವಂತ ಖರ್ಚಿನಲ್ಲಿ ಬಂದವರು ಆ ಥರದವರು. ಕೇಳಬೇಕಾಗಿರೋದು ಬೇರೆ, ಖರ್ಚು ಮಾಡಿದ್ದಕ್ಕೇ ಬಂದ ವೋಟು ಎಷ್ಟು, ಮಾಡದಿದ್ರೆ ಬರ್ತಿರಲಿಲ್ಲ ಅನ್ನೋ ವೋಟು ಎಷ್ಟು.

ಇದನ್ನ ಕಂಡುಹಿಡಿಯೋದು ಕಷ್ಟ, ಯಾಕಂದ್ರೆ ಗೆಲ್ಲೋ ಕುದುರೆ ಅಂತ ಅನ್ನಿಸಿದವರಿಗೇ ದುಡ್ಡು ತಾನಾಗಿ ಹರಿದು ಬರುತ್ತೆ. ದುಡ್ಡಿಂದ ಗೆದ್ರೋ, ಗೆಲ್ತಾರೆ ಅಂತ ದುಡ್ಡು ಬಂತೋ? ಗ್ಯಾರಿ ಜೇಕಬ್‌ಸನ್ ಅನ್ನೋ ವಿದ್ವಾಂಸರು 1970ರ ದಶಕದಲ್ಲೇ ಒಂದು ವಿಚಿತ್ರ ತೋರಿಸಿದ್ರು, ಅಮೆರಿಕದ ಕಾಂಗ್ರೆಸ್‌ನ ಹಾಲಿ ಸದಸ್ಯರು ಎಷ್ಟು ಜಾಸ್ತಿ ಖರ್ಚು ಮಾಡ್ತಾರೋ ಅಷ್ಟು ಕಮ್ಮಿ ವೋಟು. ದುಡ್ಡು ವೋಟನ್ನ ಓಡಿಸುತ್ತೆ ಅಂತಲ್ಲ, ಸೀಟು ಅಲ್ಲಾಡ್ತಿದೆ ಅಂತ ಗೊತ್ತಾದವನೇ ಗಾಬರಿಯಲ್ಲಿ ಸುರಿಯೋದು. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ 1994ರಲ್ಲಿ ಇನ್ನೊಂದು ಉಪಾಯ ಮಾಡಿದ್ರು, ಅದೇ ಇಬ್ಬರು ಅಭ್ಯರ್ಥಿಗಳು ಒಂದಕ್ಕಿಂತ ಹೆಚ್ಚು ಸಲ ಎದುರಾಎದುರು ನಿಂತ ಚುನಾವಣೆಗಳನ್ನ ಮಾತ್ರ ಆರಿಸ್ಕೊಂಡ್ರು. ಮನುಷ್ಯರು ಅವರೇ, ಖರ್ಚು ಮಾತ್ರ ಬೇರೆ ಬೇರೆ. ಕೊನೆಗೆ ಸಿಕ್ಕ ಉತ್ತರ, ಖರ್ಚಿನ ಪರಿಣಾಮ ತೀರಾ ಅಲ್ಪ.

ಹಾಗಾದ್ರೆ ಯಾವುದೂ ಕೆಲಸ ಮಾಡಲ್ವಾ? ಮಾಡುತ್ತೆ. ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ 1998ರಲ್ಲಿ ಅಮೆರಿಕದ ನ್ಯೂ ಹೇವನ್ ಅನ್ನೋ ಊರಲ್ಲಿ 30 ಸಾವಿರದ ಆಸುಪಾಸು ಮತದಾರರನ್ನ ಲಾಟರಿ ಎತ್ತಿದ ಹಾಗೆ ಗುಂಪು ಮಾಡಿದ್ರು. ಕೆಲವರಿಗೆ ಪೋಸ್ಟ್ ಕಳಿಸಿದ್ರು, ಕೆಲವರಿಗೆ ಫೋನ್ ಮಾಡಿಸಿದ್ರು, ಕೆಲವರ ಮನೆ ಬಾಗಿಲಿಗೇ ಜನ ಹೋಗಿ ದಯವಿಟ್ಟು ವೋಟು ಹಾಕಿ ಬನ್ನಿ ಅಂದ್ರು, ಇನ್ನು ಕೆಲವರನ್ನ ಅವರ ಪಾಡಿಗೆ ಬಿಟ್ರು. ಫೋನಿಂದ ಏನೂ ಆಗ್ಲಿಲ್ಲ, ಪೋಸ್ಟಿಂದ ಚೂರುಪಾರು, ಬಾಗಿಲಲ್ಲಿ ನಿಂತು ಮುಖ ನೋಡಿ ಮಾತಾಡಿಸಿದವರಲ್ಲಿ ಮತದಾನ ಎಂಟೊಂಬತ್ತು ಪರ್ಸೆಂಟ್ ಪಾಯಿಂಟ್ ಏರಿತು. ಗಮನಿಸಿ, ಇದು ಮನಸ್ಸು ಬದಲಾಯಿಸಿದ್ದಲ್ಲ, ಮನೆಯಿಂದ ಹೊರಡಿಸಿದ್ದು. ಮನಸ್ಸು ಬದಲಾಯಿಸೋ ವಿಷಯದಲ್ಲಿ ಜೋಶುವಾ ಕಲ್ಲಾ, ಡೇವಿಡ್ ಬ್ರೂಕ್‌ಮನ್ ಅನ್ನೋರು 49 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು 2018ರಲ್ಲಿ ಬರೆದ್ರು, ಸಾರ್ವತ್ರಿಕ ಚುನಾವಣೆಯಲ್ಲಿ ಪ್ರಚಾರ ಮಾಡಿ ಜನರನ್ನ ಆ ಕಡೆಯಿಂದ ಈ ಕಡೆಗೆ ತಿರುಗಿಸೋದು ಸರಾಸರಿ ಲೆಕ್ಕದಲ್ಲಿ ಸೊನ್ನೆ ಅಂತ.

ಹೀಗಿದ್ದೂ ದುಡ್ಡು ಟಿವಿಗೇ ಯಾಕೆ ಹೋಗುತ್ತೆ? ಒಂದು ಕಾರಣ ಯಾರೂ ಜೋರಾಗಿ ಹೇಳಲ್ಲ. ಅಮೆರಿಕದಲ್ಲಿ ಜಾಹೀರಾತು ಕೊಡಿಸೋ ಸಲಹೆಗಾರರಿಗೆ ಬಹಳ ಕಾಲದಿಂದ ಜಾಹೀರಾತಿನ ಮೊತ್ತದ ಮೇಲೆ ಕಮಿಷನ್. ಬಾಗಿಲು ಬಾಗಿಲಿಗೆ ಹೋಗೋ ಹುಡುಗರ ಮೇಲೆ ಯಾರಿಗೆ ಕಮಿಷನ್ ಸಿಗುತ್ತೆ ಹೇಳಿ? ಇನ್ನೊಂದು ಕಾರಣ ಭಯ. ಎದುರಿನವನು ಹಾಕ್ತಿದಾನೆ, ನಾನು ಹಾಕದೆ ಸೋತ್ರೆ ಕಾರ್ಯಕರ್ತರು ನನ್ನನ್ನ ಸುಮ್ನೆ ಬಿಡ್ತಾರಾ? ಒಂದು ಸಾವಿರ ವೋಟಿಂದ ಗೆಲುವು ತಪ್ಪೋ ಕ್ಷೇತ್ರದಲ್ಲಿ ಆ ಕೊನೆಯ ಸಾವಿರ ವೋಟಿಗೆ ಎಷ್ಟು ಬೇಕಾದ್ರೂ ಕೊಡೋಕೆ ತಯಾರಿರ್ತಾರೆ, ಅದು ಯಾವ ಸಾವಿರ ಅಂತ ಮೊದಲೇ ಗೊತ್ತಿಲ್ಲದೆ ಇರೋದ್ರಿಂದ ಎಲ್ಲಾ ಕಡೆ ಚೆಲ್ತಾರೆ.

ಇನ್ನೊಂದು ವಿಷಯ ಹೇಳಿ ನಿಲ್ಲಿಸ್ತೀನಿ. ಈ ಭಾಗಾಕಾರದಲ್ಲಿ ವೋಟಿನ ಸಂಖ್ಯೆ ಎಣಿಕೆ ಮುಗಿದ ದಿನ ನಿಂತುಬಿಡುತ್ತೆ, ಖರ್ಚಿನ ಸಂಖ್ಯೆ ನಿಲ್ಲಲ್ಲ. ಸೋತವರ ಪ್ರಚಾರ ಕಚೇರಿಗೆ ಪ್ರಿಂಟರ್‌ನವರು, ವಿಮಾನದವರು, ಬ್ಯಾಂಕಿನವರು ಬರ್ತಾನೇ ಇರ್ತಾರೆ. ಭೂಮಿಯನ್ನ ಸುತ್ತಿ ಬಂದ ಮೊದಲ ಅಮೆರಿಕನ್ ಗಗನಯಾತ್ರಿ ಜಾನ್ ಗ್ಲೆನ್ ಗೊತ್ತಲ್ಲ, ಅವರು 1984ರಲ್ಲಿ ಅಧ್ಯಕ್ಷ ಸ್ಥಾನದ ಸ್ಪರ್ಧೆಗೆ ಇಳಿದು, ಆರಂಭದ ಸುತ್ತುಗಳಲ್ಲೇ ಸೋತು ಹಿಂದೆ ಸರಿದ್ರು, ತಲೆ ಮೇಲೆ ಸುಮಾರು 30 ಲಕ್ಷ ಡಾಲರ್ ಸಾಲ ಉಳೀತು. ಮತ್ತೆ ಸೆನೆಟ್ ಗೆದ್ರು, 77ನೇ ವಯಸ್ಸಲ್ಲಿ ಇನ್ನೊಂದು ಸಲ ಅಂತರಿಕ್ಷಕ್ಕೂ ಹೋಗಿ ಬಂದ್ರು, ಆ ಸಾಲದ ಫೈಲು ಮಾತ್ರ ಹಾಗೇ ಇತ್ತು. ಚುನಾವಣಾ ಆಯೋಗ ಆ ಖಾತೆ ಮುಚ್ಚೋಕೆ ಒಪ್ಪಿದ್ದು 2006ರಲ್ಲಿ. ನಮಸ್ಕಾರ.