ಜ್ವಾಲಾಮುಖಿಗಳ ಬೈಲಿನಲ್ಲಿ ಜಲ್ಲಿದಾರಿಯ ಸೈಕಲ್ ಸವಾರಿ

ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ವರ್ಷ ನವರಾತ್ರಿಗೆ ಸ್ವಲ್ಪ ಮೊದಲು ನಾನೂ ನನ್ನ ಅಕ್ಕನೂ ಸ್ಪೇನ್ ದೇಶದ ಕ್ಯಾಟಲೋನಿಯದಲ್ಲಿ, ಓಲೋಟ್ ಎಂಬ ಊರಿನಿಂದ ಜಿರೋನಾ ಎಂಬ ಪಟ್ಟಣದವರೆಗೆ ಸೈಕಲ್ಲಿನಲ್ಲಿ ಹೋದೆವು. ದೂರ ಸುಮಾರು 55 ಕಿಲೋಮೀಟರ್. ಇದನ್ನು ಹೇಳಿದಾಗಲೆಲ್ಲ ಉಡುಪಿಯ ಗೆಳೆಯರು ಕೇಳುವ ಮೊದಲ ಪ್ರಶ್ನೆ ಒಂದೇ: ಸೈಕಲ್ಲಿಗೆ ಬೆಲೆ ಎಷ್ಟು, ಅದಕ್ಕೆ ಎಷ್ಟು ಗೇರು? ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ದಾರಿ ಹೇಗಿತ್ತು ಎಂದು ಒಬ್ಬರಾದರೂ ಕೇಳಬೇಡವೇ? ಓಲೋಟಿನಿಂದ ಹೊರಟು ಜಿರೋನಾದ ಅಂಚನ್ನು ಮುಟ್ಟುವ ತನಕ ನಮ್ಮ ಬೆನ್ನ ಹಿಂದೆ ಒಂದು ಬಸ್ಸಾಗಲಿ, ಲಾರಿಯಾಗಲಿ, ಬೈಕಾಗಲಿ ಬರಲಿಲ್ಲ. ಈ ಹತ್ತು ನಿಮಿಷದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಮೊದಲು ದಾರಿ, ಆಮೇಲೆ ಸೈಕಲ್ಲು.

ಓಲೋಟ್ ಇರುವುದು ಗರೋಚ ಎಂಬ ಸೀಮೆಯಲ್ಲಿ. ಅಲ್ಲಿ ಸುಮಾರು 40 ಜ್ವಾಲಾಮುಖಿಗಳಿವೆ. ಕೇಳಿ ಗಾಬರಿಯಾಗಬೇಕಿಲ್ಲ, ಎಲ್ಲವೂ ತಣ್ಣಗೆ ಮಲಗಿವೆ. ಅವುಗಳಲ್ಲಿ ತೀರ ಎಳೆಯದಾದ ಕ್ರೋಸ್ಕಾತ್ ಕೂಡ ಬೆಂಕಿ ಉಗುಳಿ ಹತ್ತು ಸಾವಿರ ವರ್ಷಗಳ ಮೇಲಾಯಿತು. ಮೂವತ್ತು ವರ್ಷ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದ ನನಗೆ ಆ ಸೀಮೆ ಪರಕೀಯ ಎನಿಸಲೇ ಇಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿಯ ಕಲ್ಲಿನ ಕಂಬಗಳನ್ನು ಕಂಡಿದ್ದೀರಿ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರು ಬಿರುಕು ಬಿಡುವುದಿಲ್ಲವೇ, ಹಾಗೆಯೇ ಲಾವಾ ಆರುತ್ತ ಕುಗ್ಗುವಾಗ ಐದು ಮೂಲೆ, ಆರು ಮೂಲೆಯ ಕಂಬಗಳಾಗಿ ಸೀಳುತ್ತದೆ. ಓಲೋಟಿನ ಸಮೀಪದಲ್ಲಿ ಕಾಸ್ತೆಲ್‌ಫುಲಿತ್ ಎಂಬ ಊರು ಇಂಥದೇ ಕಂಬಗಳ, ಸುಮಾರು 50 ಮೀಟರ್ ಎತ್ತರದ ಕಡಿದಾದ ಬಂಡೆಯ ನೆತ್ತಿಯ ಮೇಲೆ ಸಾಲಾಗಿ ನಿಂತಿದೆ. ಅದರ ವಯಸ್ಸು ಸುಮಾರು 2 ಲಕ್ಷ ವರ್ಷ. ನಮ್ಮ ದ್ವೀಪದ ಮುಂದೆ ಅದು ಹಾಲುಗಲ್ಲದ ಕೂಸು.

ಈಗ ದಾರಿಯ ಮಾತಿಗೆ ಬರೋಣ. ಲಾವಾ ಹರಿದು ಬಂದು ಫ್ಲುವಿಯಾ ನದಿಗೆ ಅಡ್ಡಲಾಗಿ ಒಡ್ಡಿನಂತೆ ನಿಂತಿತು. ಹಿಂದೆ ನೀರು ನಿಂತು ಕೆರೆಯಾಯಿತು, ಕೆರೆಯಲ್ಲಿ ಹೂಳು ತುಂಬಿ ಬೈಲಾಯಿತು. ಸುತ್ತ ಬೆಟ್ಟಗಳು, ನಡುವೆ ತಟ್ಟೆಯಂಥ ಗದ್ದೆಬೈಲು. ಅಂಥ ನೆಲದಲ್ಲಿ ಇಂಜಿನಿಯರುಗಳು ಒಂದು ಪುಟ್ಟ ರೈಲುಹಾದಿ ಹಾಕಿದರು. ಅದು 1911ರಲ್ಲಿ ಓಲೋಟ್ ತಲುಪಿತು. ಅದರ ಹಳಿಗಳ ನಡುವಿನ ಅಂತರ 750 ಮಿಲಿಮೀಟರ್, ಅಂದರೆ ಉಡುಪಿಯಲ್ಲಿ ಹಾದುಹೋಗುವ ಕೊಂಕಣ ರೈಲಿನ ಅರ್ಧಕ್ಕಿಂತಲೂ ಕಡಿಮೆ. ಲಾರಿ, ಬಸ್ಸುಗಳು ಹೆಚ್ಚಿದ ಮೇಲೆ 1969ರಲ್ಲಿ ರೈಲು ನಿಂತುಹೋಯಿತು. ಹಳಿ ಹೋಯಿತು, ಆದರೆ ಹಾದಿ ಉಳಿಯಿತು. ಅದಕ್ಕೆ ಮರಳುಮಣ್ಣು, ಸಣ್ಣ ಜಲ್ಲಿ ಹಾಸಿ ರೋಲರ್ ಹೊಡೆದು, ಮೋಟಾರು ವಾಹನ ನುಗ್ಗದಂತೆ ಮಾಡಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು. ಇಂಥ ಹಸಿರು ಹಾದಿಗಳನ್ನು ಮಾಡುವ ಯೋಜನೆ ಸ್ಪೇನಿನಲ್ಲಿ 1993ರಲ್ಲಿ ಆರಂಭವಾಯಿತು. ಇಂದು ಆ ದೇಶದಲ್ಲಿ 3000 ಕಿಲೋಮೀಟರಿಗೂ ಹೆಚ್ಚು ಇವೆ.

ರೈಲುಹಾದಿಯೇ ಏಕೆ ಎಂದು ಕೇಳಬಹುದು. ರೈಲು ಕಡಿದಾದ ಏರು ಹತ್ತಲಾರದು. ಆದ್ದರಿಂದ ರೈಲು ಹೋದ ದಾರಿಯಲ್ಲಿ ಎಂಥ ಸೋತ ಮಂಡಿಯವರೂ ಸೈಕಲ್ ತುಳಿಯಬಲ್ಲರು. ಓಲೋಟಿನಿಂದ ಮೊದಲಿಗೆ ನಿಧಾನವಾಗಿ ಏರಿ, 600 ಮೀಟರಿಗಿಂತ ತುಸು ಎತ್ತರದ ಒಂದು ಕಣಿವೆಬಾಯಿ ದಾಟಿದರೆ, ಅಲ್ಲಿಂದ ಸುಮಾರು 70 ಮೀಟರ್ ಎತ್ತರದ ಜಿರೋನಾದ ತನಕ ಇಳಿಜಾರು. ಅದೂ ನೂರು ಮೀಟರಿಗೆ ಒಂದೂವರೆ ಮೀಟರಿನಷ್ಟು ಮಾತ್ರ. ಆಗುಂಬೆ ಘಾಟಿಯ 14 ತಿರುವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಟ್ಟದ ಸೈಕಲ್ ಸವಾರಿಗೆ ಹೆದರುವವರು ಇದನ್ನು ಗಮನಿಸಬೇಕು.

ಅಕ್ಕನ ವಿಷಯ ಹೇಳುತ್ತೇನೆ. ಅವಳಿಗೆ ಅರವತ್ತಮೂರು ವರ್ಷ. ಕಲ್ಯಾಣಪುರದ ಕಡೆಯ ಶಾಲೆಯೊಂದರಲ್ಲಿ ಟೀಚರಾಗಿದ್ದವಳು, ದಿನಾ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಿದ್ದಳು. ಇಪ್ಪತ್ತೈದು ವರ್ಷಗಳ ಹಿಂದೆ ಹೆದ್ದಾರಿಯಲ್ಲಿ ಒಂದು ಬಸ್ಸು ಅವಳ ಹ್ಯಾಂಡಲಿಗೆ ಸವರಿಕೊಂಡು ಹೋಯಿತು. ಬದಿಯ ಚರಂಡಿಗೆ ಬಿದ್ದು ಮೊಣಕೈ ಮುರಿಯಿತು. ಅದೇ ವಾರ ಸೈಕಲ್ಲನ್ನು ಗುಜರಿಗೆ ಕೊಟ್ಟುಬಿಟ್ಟಳು. ಬಾರ್ಸಿಲೋನಾದಲ್ಲಿರುವ ಮಗನನ್ನು ನೋಡಲು ಹೊರಟವಳನ್ನು ನಾನು ಓಲೋಟಿಗೆ ಕರೆದುಕೊಂಡು ಹೋದದ್ದು ಜ್ವಾಲಾಮುಖಿ ತೋರಿಸುತ್ತೇನೆ ಎಂಬ ನೆಪದಲ್ಲಿ.

ಬಾಡಿಗೆ ಅಂಗಡಿಯ ಹೆಂಗಸು ಅಕ್ಕನ ಎತ್ತರ ನೋಡಿ ಸೀಟು ಇಳಿಸಿದಳು. ಆಮೇಲೆ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ವಾಲ್ವ್ ತೆಗೆದು ಗಾಳಿ ಬಿಡತೊಡಗಿದಳು. ಟಯರು ಕಲ್ಲಿನಂತೆ ಗಟ್ಟಿಯಾಗುವ ತನಕ ಪಂಪು ಹೊಡೆದು ಬೆಳೆದವರು ನಾವು. ಅಕ್ಕ ಕೈ ಅಡ್ಡ ಹಿಡಿದಳು. ಆ ಹೆಂಗಸಿಗೆ ನಮ್ಮ ಮಾತು ಬಾರದು, ಅಕ್ಕನಿಗೆ ಅವಳ ಮಾತು ಬಾರದು. ಅವಳು ಹೊರಗೆ ಹೋಗಿ ಗೋಲಿಯಷ್ಟು ದಪ್ಪದ ಒಂದು ಕರಿಗಲ್ಲು ಹೆಕ್ಕಿ ತಂದು ನೆಲದ ಮೇಲಿಟ್ಟು, ಸೈಕಲ್ಲನ್ನು ಅದರ ಮೇಲೆ ಮೆಲ್ಲನೆ ಉರುಳಿಸಿದಳು. ಟಯರು ಕಲ್ಲನ್ನು ನುಂಗಿಕೊಂಡು ಮುಂದೆ ಹೋಯಿತು, ಹ್ಯಾಂಡಲು ಅಲುಗಲಿಲ್ಲ. ಜಲ್ಲಿದಾರಿಯ ಸೈಕಲ್ಲಿನ ವಿದ್ಯೆಯೆಲ್ಲ ಇಷ್ಟೇ: ನಾಲ್ಕು ಸೆಂಟಿಮೀಟರಿನಷ್ಟು ಅಗಲದ ಟಯರು, ಅದರಲ್ಲಿ ಕಡಿಮೆ ಗಾಳಿ. ಅಕ್ಕ ಆ ಕಲ್ಲನ್ನು ಎತ್ತಿ ಪರ್ಸಿನಲ್ಲಿ ಹಾಕಿಕೊಂಡಳು.

ಮೊದಲ ಎರಡು ಕಿಲೋಮೀಟರ್ ಅವಳು ಒಂದು ಕಾಲನ್ನು ನೆಲಕ್ಕೆ ತಾಗಿಸುತ್ತಲೇ ಬಂದಳು. ಬೈಲಿನ ಎರಡು ಕಡೆಯೂ ಆಳೆತ್ತರದ ಜೋಳ, ಚಕ್ರದ ಕೆಳಗೆ ಹುರಿಯಕ್ಕಿ ಜಗಿಯುವಂಥ ಸದ್ದು. ನಾನು ಹಿಂದಿನಿಂದ ಅವಳ ಕುತ್ತಿಗೆಯನ್ನೇ ನೋಡುತ್ತಿದ್ದೆ. ನಿಮಿಷಕ್ಕೊಮ್ಮೆ ಅದು ಬಲಕ್ಕೆ ತಿರುಗುತ್ತಿತ್ತು, ಹಿಂದೆ ಏನಾದರೂ ಬರುತ್ತಿದೆಯೋ ಎಂದು. ಏನೂ ಬರುತ್ತಿಲ್ಲ ಎಂದು ನಾನು ಕೂಗಿ ಹೇಳಿದೆ. ಕುತ್ತಿಗೆ ಕೇಳಲಿಲ್ಲ. ಇಪ್ಪತ್ತೈದು ವರ್ಷದ ಹೆದರಿಕೆ ಮಾತಿನಿಂದ ಹೋಗುವಂಥದಲ್ಲ, ಅದಕ್ಕೆ ದಾರಿಯೇ ಉತ್ತರ ಹೇಳಬೇಕು. ಏಳನೆಯ ಕಿಲೋಮೀಟರಿನ ಹೊತ್ತಿಗೆ ತಿರುಗುವುದು ಕಡಿಮೆಯಾಯಿತು. ಕಣಿವೆಬಾಯಿ ದಾಟಿ ಬ್ರುಜೆನ್ ಎಂಬ ಹೊಳೆಯ ಮಗ್ಗುಲಲ್ಲಿ ಇಳಿಯತೊಡಗಿದಾಗ ಪೂರ್ತಿ ನಿಂತುಹೋಯಿತು. ನಾಯಿಯೊಂದಿಗೆ ನಡೆದು ಬರುತ್ತಿದ್ದ ಮುದುಕರೊಬ್ಬರನ್ನು ಕಂಡು ಅಕ್ಕ ಟ್ರಿಣ್ ಎಂದು ಬೆಲ್ಲು ಬಾರಿಸಿದಳು. ಅವರು ಟೋಪಿ ಎತ್ತಿದರು. ಅಲ್ಲಿಂದ ಮುಂದೆ ಅವಳನ್ನು ಹಿಡಿಯುವುದೇ ನನಗೆ ಕಷ್ಟವಾಯಿತು. ಅಮೇರ್ ಎಂಬ ಊರಿನ ಚೌಕದಲ್ಲಿ ನಾನು ಏದುಸಿರು ಬಿಡುತ್ತ ತಲುಪಿದಾಗ ಅವಳು ಕಮಾನಿನ ನೆರಳಿನಲ್ಲಿ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು.

ಅಮೇರ್ ದಾಟಿದ ಮೇಲೆ ದಾರಿ ಇನ್ನೊಂದು ನದಿಯ ಜೊತೆಗೆ ಹೋಗುತ್ತದೆ. ಅದರ ಹೆಸರು ತೇರ್. ರಥಬೀದಿಯ ಊರಿನಿಂದ ಹೋದ ನಮಗೆ ಅದನ್ನು ನೆನಪಿಡಲು ಕಷ್ಟವಾಗಲಿಲ್ಲ.

ನನ್ನ ಸಮಯ ಮುಗಿಯುತ್ತ ಬಂದಿದೆ. ಕ್ರೋಸ್ಕಾತ್ ಬಗ್ಗೆ ಹೇಳಬೇಕೆಂದು ಬರೆದುಕೊಂಡು ಬಂದದ್ದನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಹಿಂದೆ ಅಲ್ಲಿ ಗಣಿಗಾರಿಕೆ ನಡೆಸಿ ಬೆಟ್ಟದ ಪಕ್ಕವನ್ನು ಕಡಿದಿದ್ದರು. ಈಗ ಗಣಿ ಮುಚ್ಚಿದೆ, ಕಡಿದ ಜಾಗದಲ್ಲಿ ಜ್ವಾಲಾಮುಖಿಯ ಒಳಗನ್ನು ಕಪ್ಪು, ಕೆಂಪು ಪದರಗಳಲ್ಲಿ ಕಣ್ಣಾರೆ ನೋಡಬಹುದು. ಅದರ ಲಾವಾದ ಮೇಲೆ ಬೆಳೆದ, ಬೀಚ್ ಎಂಬ ಜಾತಿಯ ಮರಗಳ ಕಾಡಿನಲ್ಲಿ ನಡೆಯಲೇಬೇಕು. ಓಲೋಟಿನಲ್ಲಿ ಮಳೆ ಬಾರದಿದ್ದರೆ ಇನ್ನೆಲ್ಲೂ ಬಾರದು ಎಂಬ ಗಾದೆ ಅಲ್ಲಿಯವರದು. ಅಲ್ಲಿ ವರ್ಷಕ್ಕೆ ಬರುವುದು 1000 ಮಿಲಿಮೀಟರಿನ ಆಸುಪಾಸು. 4000 ದಾಟುವ ಮಳೆ ಕಂಡ ಉಡುಪಿಯವರು ಕೊಡೆ ಕೂಡ ಒಯ್ಯಬೇಕಾಗಿಲ್ಲ.

ನಮ್ಮಲ್ಲಿ ಮುಚ್ಚಿದ ರೈಲುಹಾದಿ ಇಲ್ಲ ಎಂದು ಕೆಲವರು ವಾದಿಸುತ್ತಾರೆ. ಬೇಡ. ಸಮತಟ್ಟಾದ ನೆಲ ಕರಾವಳಿಯಲ್ಲಿ ಬೇಕಾದಷ್ಟಿದೆ. ಹೊಳೆಯ ದಂಡೆಗಳಿವೆ, ಮುರಕಲ್ಲಿನ ಪುಡಿ ಇದೆ, ರೋಲರ್ ಇದೆ. ಹೂಡೆಯಿಂದ ಕೋಡಿಬೆಂಗ್ರೆಗೆ ಹೋಗುವ ದಾರಿಯನ್ನೇ ನೋಡಿ: ಎಡಕ್ಕೆ ಸಮುದ್ರ, ಬಲಕ್ಕೆ ಸುವರ್ಣಾ ನದಿ, ಏರು ಎಂಬುದೇ ಇಲ್ಲ. ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಆ ಊರಿನವರ ವಾಹನಗಳನ್ನು ಬಿಟ್ಟು ಉಳಿದವನ್ನು ತಡೆದರೆ, ಒಂದು ರೂಪಾಯಿಯ ಜಲ್ಲಿಯನ್ನೂ ಹಾಕದೆ ನಮಗೂ ಅಂಥ ಮೂರು ಗಂಟೆ ಸಿಗುತ್ತದೆ. ಈ ಮಾತನ್ನು ಪಂಚಾಯತಿಯಲ್ಲಿ ಎತ್ತಬಲ್ಲವರು ಯಾರಾದರೂ ಈಗ ಕೇಳುತ್ತಿದ್ದರೆ ದಯವಿಟ್ಟು ಎತ್ತಬೇಕು.

ಅಕ್ಕ ಊರಿಗೆ ಮರಳಿದ ಮೇಲೆ ಹಳೆಯ ಸೈಕಲ್ಲೊಂದನ್ನು ಕೊಂಡು ಟಯರಿನ ಗಾಳಿ ತುಸು ಇಳಿಸಿಕೊಂಡಿದ್ದಾಳೆ. ಪ್ರತಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೂಡೆಯಿಂದ ಕೋಡಿಬೆಂಗ್ರೆಗೆ ಹೋಗುತ್ತಾಳೆ, ನಾನೂ ಹಿಂದೆ ಇರುತ್ತೇನೆ. ಹೋಗುವಾಗ ನೇರವಾಗಿಯೇ ಇರುವ ಅವಳ ಕುತ್ತಿಗೆ, ಏಳೂವರೆಯ ಮೇಲೆ ಕಡಲಿಗೆ ಬರುವ ಕಾರುಗಳು ಶುರುವಾದಾಗ, ಮತ್ತೆ ಬಲಕ್ಕೆ ತಿರುಗತೊಡಗುತ್ತದೆ.